ಪ್ರಸ್ಥಾನದ ಕಪಾಟು

ನಾನು ಇವತ್ತಿನವರೆಗೂ ವಿಮಾನ ಹತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಕೊನೆಗೆ ಹೇಳಿದರೆ ಮೋಸ ಮಾಡಿದ ಹಾಗಾಗುತ್ತದೆ. ಶಿಕಾರಿಪುರದಲ್ಲಿ ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲೆ ಇಪ್ಪತ್ತಾರು ವರ್ಷ ಕೂತು ಊರ ಜನರನ್ನು ಮಸ್ಕತ್ತಿಗೆ, ಡಬ್ಲಿನ್‌ಗೆ, ಆಕ್ಲೆಂಡಿಗೆ, ಟೊರೊಂಟೊಗೆ ಕಳಿಸಿದೆ. ನನ್ನ ಹೆಸರು ಸರೋಜಮ್ಮ. ಊರಿಗೆಲ್ಲ ಟಿಕೆಟ್ ಸರೋಜಮ್ಮ.

ಮೊನ್ನೆ ಹಳೆಯ ಅಂಗಡಿಗೆ ಹೋಗಿದ್ದೆ. ನನ್ನ ಕುರ್ಚಿಯಲ್ಲಿ ಈಗ ಕೂತಿರುವ ಹುಡುಗಿ, "ಮೇಡಂ, ಎಲ್ಲಾ ಮೊಬೈಲಲ್ಲೇ ಆಗ್ತದಲ್ರೀ, ನೀವು ದಿನಾ ಅಷ್ಟು ಹೊತ್ತು ಕೂತು ಏನ್ ಮಾಡ್ತಿದ್ರಿ?" ಎಂದು ಕೇಳಿದಳು. ಕುಚೋದ್ಯಕ್ಕೆ ಕೇಳಿದ್ದಲ್ಲ ಪಾಪ, ತಿಳಿಯದೆ ಕೇಳಿದ್ದು. ಆದರೂ ನನಗೆ ಮೈ ಉರಿಯಿತು. ಕೊಟ್ಟ ಚಹಾ ಕುಡಿದು ಬಂದೆ. ಅವಳಿಗೂ, ಅವಳ ಹಾಗೆ ಈ ಕೆಲಸಕ್ಕೆ ಬರುವ ಇತರರಿಗೂ ಉತ್ತರ ಕೊಡೋಣವೆಂದು ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಗಿಡ್ತಿಯ ಮಾತು ಇದರಲ್ಲಿಲ್ಲ. ನನ್ನ ಕೆಲಸದಲ್ಲಿ ಅಂಥದ್ದು ಇರಲೂ ಇಲ್ಲ, ಹದಿನೈದನೇ ವರ್ಷಕ್ಕೆ ಮರದ ಕುರ್ಚಿ ಹೋಗಿ ತಿರುಗುವ ಕುರ್ಚಿ ಬಂತು, ಅಷ್ಟೆ.

ನಾನು ಹುಟ್ಟಿದ್ದು ಸೊರಬ ತಾಲ್ಲೂಕಿನ ಉಳವಿಯಲ್ಲಿ. ಮದುವೆಯಾಗಿ ಶಿಕಾರಿಪುರಕ್ಕೆ ಬಂದೆ. ಟೈಪಿಂಗ್ ಬರುತ್ತಿತ್ತು, ಇಂಗ್ಲಿಷ್ ಓದಲು ಬರುತ್ತಿತ್ತು. ಬಟ್ಟೆ ಅಂಗಡಿಯ ಯಜಮಾನರು ವೀರಭದ್ರಪ್ಪನವರು ಬಿಲ್ ಬರೆಯಲು ಇಟ್ಟುಕೊಂಡರು. ಹೊರದೇಶಕ್ಕೆ ಹೋಗುವವರು ಹೊಸ ಬಟ್ಟೆಗೆ ಇವರ ಹತ್ತಿರ ಬರುತ್ತಿದ್ದರು, ಟಿಕೆಟಿಗೆ ಮಾತ್ರ ಶಿವಮೊಗ್ಗಕ್ಕೆ ಹೋಗುತ್ತಿದ್ದರು. ಬಟ್ಟೆ ಇಲ್ಲಿ, ಟಿಕೆಟ್ ಅಲ್ಲಿ ಯಾಕೆ ಎಂದು ಯಜಮಾನರಿಗೆ ಹೊಳೆಯಿತು. ಒಂದು ದಿನ ನನ್ನನ್ನು ಮಹಡಿ ಹತ್ತಿಸಿ, ಒಂದು ಮೇಜು, ಒಂದು ಫೋನು ಕೊಟ್ಟು, "ಸರೋಜವ್ವಾ, ಇನ್ಮೇಲೆ ನೀನು ವಿಮಾನ ನೋಡ್ಕೊ" ಅಂದರು. ವಿಮಾನವನ್ನು ನಾನು ಆವರೆಗೆ ತಲೆ ಎತ್ತಿ ನೋಡಿದ್ದೆ, ಅಷ್ಟೇ.

ಆಗಿನ ಪದ್ಧತಿ ಈಗಿನವರಿಗೆ ನಗು ಬರಿಸುತ್ತದೆ. ಬೆಂಗಳೂರಿನ ದೊಡ್ಡ ಏಜೆಂಟರಿಗೆ ಫೋನ್ ಮಾಡಿ ಹೆಸರಿನ ಒಂದೊಂದೇ ಅಕ್ಷರ ಕೂಗಿ ಹೇಳಬೇಕು. ಕೆಳಗೆ ಸೀರೆ ನೋಡುತ್ತಿದ್ದವರೆಲ್ಲ ಮೇಲೆ ನೋಡುತ್ತಿದ್ದರು. ಟಿಕೆಟ್ಟು ಕೆಂಪು ಕಾರ್ಬನ್ನಿನ ಪುಟ್ಟ ಪುಸ್ತಕ, ಬಸ್ಸಿನ ಕಂಡಕ್ಟರ ಕೈಯಲ್ಲಿ ಲಕೋಟೆಯಾಗಿ ಬರುತ್ತಿತ್ತು. ಆಮೇಲೆ ಫ್ಯಾಕ್ಸ್ ಬಂತು, ಕಂಪ್ಯೂಟರ್ ಬಂತು, ಈಗ ಮೊಬೈಲು. ಆದರೆ ಗಿರಾಕಿಗಳ ಪ್ರಶ್ನೆ ಮಾತ್ರ ಮೊದಲಿನಿಂದಲೂ ಒಂದೇ: ಅಲ್ಲಿ ಇಳಿದ ಮೇಲೆ ಯಾವ ಕಡೆ ತಿರುಗಬೇಕು? ಅದಕ್ಕೆ ಉತ್ತರ ಯಾವ ಯಂತ್ರದಲ್ಲೂ ಬರಲಿಲ್ಲ. ಹೋಗಿ ಬಂದವರನ್ನು ಕೂರಿಸಿಕೊಂಡು, ಇಳಿದದ್ದೆಲ್ಲಿ, ನಡೆದದ್ದೆಷ್ಟು, ಕಕ್ಕಸು ಎಲ್ಲಿತ್ತು, ಬಿಸಿನೀರು ಯಾರು ಕೊಟ್ಟರು ಎಂದು ಕೇಳಿ ಕೇಳಿ ಬರೆದಿಟ್ಟುಕೊಂಡೆ. ನಾನು ಕಾಲಿಡದ ದೋಹಾ ನಿಲ್ದಾಣದಲ್ಲಿ ಎಡಕ್ಕೆ ತಿರುಗಿದರೆ ನಮಾಜಿನ ಕೋಣೆ, ಬಲಕ್ಕೆ ತಿರುಗಿದರೆ ಕುಡಿಯುವ ನೀರು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದೆ.

ಮೊದಲ ದೊಡ್ಡ ತಪ್ಪು ಚಂದ್ರಗುತ್ತಿಯ ನಿವೃತ್ತ ಮೇಷ್ಟ್ರೊಬ್ಬರ ವಿಷಯದಲ್ಲಿ ಆಯಿತು. ಸಿಡ್ನಿಯಲ್ಲಿದ್ದ ತಮ್ಮನ ಮನೆಗೆ ಹೊರಟಿದ್ದರು. ವಿಮಾನ ಶುಕ್ರವಾರ ಬೆಳಗಿನ ಜಾವ ಎರಡು ಗಂಟೆಗೆ. ನಾನು ಟಿಕೆಟ್ ಕೊಟ್ಟು, ಶುಕ್ರವಾರ ಎರಡು ಗಂಟೆ ಸರ್ ಎಂದು ಹೇಳಿ ಕೈ ತೊಳೆದುಕೊಂಡೆ. ಮೇಷ್ಟ್ರ ಪಂಚಾಂಗದಲ್ಲಿ ಶುಕ್ರವಾರ ಶುರುವಾಗುವುದು ಶುಕ್ರವಾರ ಸೂರ್ಯ ಹುಟ್ಟಿದ ಮೇಲೆ. ಅದರ ರಾತ್ರಿ ಎರಡು ಗಂಟೆ ಅಂದರೆ ಇನ್ನೂ ಒಂದು ಇಡೀ ಹಗಲು ಬಾಕಿ. ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ, ತಲೆಯ ಮೇಲೆ ಅಕ್ಷತೆ ಹಾಕಿಸಿಕೊಂಡು, ನನಗೆ ಹೋಗಿಬರುತ್ತೇನೆಂದು ಹೇಳಲು ಅಂಗಡಿಗೆ ಬಂದರು. ವಿಮಾನ ಹೋಗಿ ಎಂಟು ಗಂಟೆಯಾಗಿತ್ತು. ವಿಷಯ ತಿಳಿಸಿದಾಗ ಸ್ಟೂಲಿನ ಮೇಲೆ ಕೂತು, "ಸೂರ್ಯ ಹುಟ್ದೆ ಶುಕ್ರವಾರ ಹೆಂಗ್ರೀ ಹುಟ್ಟತ್ತೆ?" ಎಂದು ಕೇಳಿದರು.

ಅಂದಿನಿಂದ ನಾನು ಟಿಕೆಟ್ಟಿನ ಜೊತೆ ಒಂದು ಕನ್ನಡದ ಹಾಳೆ ಕೊಡತೊಡಗಿದೆ. ಮೊದಲ ಸಾಲು ವಿಮಾನದ ಹೊತ್ತಲ್ಲ, ಮನೆಗೆ ಬೀಗ ಹಾಕುವ ದಿನ ಮತ್ತು ಹೊತ್ತು. ಆಮೇಲೆ ಯಾವ ಬಸ್ಸು, ಎಷ್ಟಕ್ಕೆ ನಿಲ್ದಾಣದ ಬಾಗಿಲು, ದೊಡ್ಡ ಪೆಟ್ಟಿಗೆ ಎಲ್ಲಿ ಕೊಡಬೇಕು, ಯಾವ ಚೀಲ ಕೈಯಲ್ಲಿರಬೇಕು, ಎಲ್ಲ ಒಂದರ ಕೆಳಗೆ ಒಂದು. ಕೊನೆಯ ಸಾಲು: "ಕೈಚೀಲ ಯಾರಿಗೂ ಕೊಡಬೇಡಿ, ತಲುಪುವವರೆಗೂ ತೆರೆಯಬೇಡಿ." ಈ ಕೊನೆಯ ಸಾಲು ನಾನಾಗಿ ಬರೆದದ್ದಲ್ಲ, ಯಜಮಾನರು ಬರೆಸಿದ್ದು. ಅದಕ್ಕೆ ಕಾರಣ ಕಪಾಟು.

ನಮ್ಮ ಕಡೆ ದೂರದ ಪ್ರಯಾಣಕ್ಕೆ ಹೊತ್ತು ನೋಡದೆ ಹೊರಡುವವರು ಕಡಿಮೆ. ಒಳ್ಳೆಯ ಸೀಟು ಸಿಕ್ಕಿರುತ್ತದೆ, ನಡುವೆ ಕಾಯುವುದೂ ಎರಡೇ ಗಂಟೆ, ಅಷ್ಟರಲ್ಲಿ ಮನೆಯ ಹಿರಿಯರು ಮಂಗಳವಾರ ಬೇಡ, ರಾಹುಕಾಲ ಬೇಡ, ಅಮಾವಾಸ್ಯೆಯ ಎದುರಿಗೆ ಬೇಡ ಎನ್ನುತ್ತಿದ್ದರು. ನಾನು ಅವರ ಜೊತೆ ಜಗಳಕ್ಕೇ ನಿಲ್ಲುತ್ತಿದ್ದೆ. ವಿಮಾನದವರಿಗೆ ರಾಹುವೂ ಇಲ್ಲ ಕೇತುವೂ ಇಲ್ಲ ಎಂದು ಒಮ್ಮೆ ಕೂಗಾಡಿದ್ದು ಕೆಳಗಿದ್ದ ಯಜಮಾನರಿಗೆ ಕೇಳಿತು. ಮೇಲೆ ಬಂದು, ಗಿರಾಕಿಯ ಮುಂದೆ ನನಗೆ ಏನೂ ಅನ್ನದೆ, "ಪ್ರಸ್ಥಾನ ಇಟ್ಟುಬಿಡ್ರಿ" ಎಂದರು. ಗಿರಾಕಿಯ ಮುಖ ಅರಳಿತು.

ಪ್ರಸ್ಥಾನ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಳ್ಳೆಯ ಹೊತ್ತಿನಲ್ಲಿ ನಮಗೆ ಹೊರಡಲು ಆಗದಿದ್ದರೆ, ಆ ಹೊತ್ತಿಗೆ ನಮ್ಮ ಒಂದು ಗಂಟನ್ನು ಹೊರಡಿಸಿ, ಹೋಗುವ ದಾರಿಯಲ್ಲಿ ಬೇರೆಯವರ ಮನೆಯಲ್ಲಿ ಇಡುವುದು. ಗಂಟು ಹೊರಟರೆ ನಾವು ಹೊರಟಂತೆ. ಆಮೇಲೆ ಯಾವ ಹೊತ್ತಿಗೆ ಹೊರಟರೂ ದೋಷವಿಲ್ಲ, ದಾರಿಯಲ್ಲಿ ಆ ಗಂಟು ಎತ್ತಿಕೊಂಡು ಹೋದರಾಯಿತು. ಗಂಟನ್ನು ಮನೆಗೆ ವಾಪಸು ತರಬಾರದು, ಊರು ಮುಟ್ಟುವವರೆಗೆ ಬಿಚ್ಚಬಾರದು. ಸೊರಬದವರಿಗೂ ಶಿಕಾರಿಪುರದ ಹಳ್ಳಿಗಳವರಿಗೂ ಬೆಂಗಳೂರಿನ ದಾರಿಯಲ್ಲಿ ಸಿಗುವುದು ನಮ್ಮ ಅಂಗಡಿ. ಸೀರೆ ಇಡುತ್ತಿದ್ದ ಹಳೆಯ ಗಾಜಿನ ಕಪಾಟನ್ನು ಯಜಮಾನರು ನನ್ನ ಮೇಜಿನ ಹಿಂದೆ ತಂದಿಡಿಸಿದರು. ಜನ ಒಳ್ಳೆಯ ಹೊತ್ತಿಗೆ ಚೀಲ ತಂದು ಅದರಲ್ಲಿಟ್ಟು, ಕೈಮುಗಿದು, ಮನೆಗೆ ಹೋಗಿ ನಿಶ್ಚಿಂತೆಯಿಂದ ಮಲಗುತ್ತಿದ್ದರು. ನಾನು ನನಗೆ ಬೇಕಾದ ವಿಮಾನದಲ್ಲಿ ಬೇಕಾದ ಸೀಟು ಹಾಕುತ್ತಿದ್ದೆ. ಯಜಮಾನರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಟಿಕೆಟ್ ಮಾಡಿಸಿದವರಿಗೆಲ್ಲ ಅಂಗಡಿಯ ಹೆಸರು, ಫೋನ್ ನಂಬರು ಇರುವ ಒಂದು ಕಂದು ಬಣ್ಣದ ರೆಕ್ಸಿನ್ ಚೀಲ ಪುಕ್ಕಟೆ ಕೊಡತೊಡಗಿದರು. ಎಲ್ಲರೂ ಅದರಲ್ಲೇ ಪ್ರಸ್ಥಾನ ಇಡುತ್ತಿದ್ದರು.

ನನಗೆ ಇದೆಲ್ಲ ತಮಾಷೆ. ಕಪಾಟಿಗೆ ಚೀಲಗಳ ಧರ್ಮಛತ್ರ ಎಂದು ಹೆಸರಿಟ್ಟಿದ್ದೆ. ಒಂದೊಂದು ಚೀಲದ ಕೆಳಗೆ ಹೆಸರಿನ ಚೀಟಿ ಇಡುವುದಷ್ಟೇ ನನ್ನ ಕೆಲಸ. ಅದನ್ನೂ ಗೊಣಗಿಕೊಂಡೇ ಮಾಡುತ್ತಿದ್ದೆ. ಮುಂದೆ ಆದದ್ದಕ್ಕೆ ಬೇರು ಈ ಗೊಣಗಾಟವೇ ಎಂದು ನನಗೆ ಗೊತ್ತು.

ಅಂಬ್ಲಿಗೊಳದ ಹತ್ತಿರದ ಹಳ್ಳಿಯೊಂದರ ಹಾಲವ್ವ ನನ್ನ ಮುಂದೆ ಬಂದು ಕೂತಾಗ ಅವಳಿಗೆ ಐವತ್ತೈದರ ಸುಮಾರು. ಕುರಿ ಸಾಕುವ ಮನೆ. ಮಗಳು ರೇಣುಕಾ ಡಬ್ಲಿನ್ ಆಸ್ಪತ್ರೆಯಲ್ಲಿ ನರ್ಸು, ಚೊಚ್ಚಲ ಹೆರಿಗೆ. ಹಾಲವ್ವ ಬಾಣಂತನಕ್ಕೆ ಹೊರಟಿದ್ದಳು. ಪಾಸ್‌ಪೋರ್ಟಿನಲ್ಲಿ ಹಾಲವ್ವ ಎಂದು ಒಂದೇ ಹೆಸರು. ವಿಮಾನದವರಿಗೆ ಎರಡು ಹೆಸರು ಬೇಕು. ಟಿಕೆಟ್ಟಿನಲ್ಲಿ ಹಾಲವ್ವ ಹಾಲವ್ವ ಎಂದು ಎರಡು ಸಲ ಬಂತು. ಅದನ್ನು ನೋಡಿ ಅವಳು, ಒಬ್ಬಳಿಗೇ ಎರಡು ಸೀಟು ಕೊಡ್ತಾರಾ ಎಂದು ಕೇಳಿ ನಕ್ಕಳು. ದಿನ ಗೊತ್ತುಮಾಡುವಾಗ ಮಾತ್ರ ನಗಲಿಲ್ಲ.

"ರೇಣುಕಾ ಹುಟ್ಟಿದಾಗ ನಾನು ಕುರಿ ಹಟ್ಟಿಯಾಗಿದ್ದೆನವ್ವ. ನಮ್ಮವ್ವ ಬಂದಿದ್ದು ಮೂರನೇ ದಿನ. ನನ್ನ ಮಗಳಿಗೆ ಹಂಗಾಗಬಾರ್ದು. ಕೂಸು ಅತ್ತಾಗ ನಾ ಅಲ್ಲಿರಬೇಕು" ಎಂದಳು.

ಡಾಕ್ಟರು ಕೊಟ್ಟ ದಿನ ಮುಂದಿನ ವಾರದ ಕೊನೆಗಿತ್ತು. ನಾನು ಮಂಗಳವಾರ ಬೆಳಿಗ್ಗೆ ಹತ್ತೂವರೆಯ ವಿಮಾನ ಹಾಕಿದೆ. ನಾಲ್ಕು ದಿನ ಮೊದಲೇ ತಲುಪುತ್ತೀ, ಚಿಂತೆ ಬಿಡು ಎಂದೆ. ಮಂಗಳವಾರ ಎಂದು ಅವಳ ಗಂಡ ತಕರಾರು ತೆಗೆದ. ಪ್ರಸ್ಥಾನ ಇಟ್ಟರಾಯಿತು ಎಂದು ನಾನೇ ಹೇಳಿದೆ. ಗುರುವಾರ ಅವಳು ಕಂದು ಚೀಲ ತಂದಿಟ್ಟಳು. ಒಳಗೆ ಮರಿಗಳ ಮೊದಲ ಉಣ್ಣೆಯಲ್ಲಿ ಕೂಸಿಗೆಂದು ಮಾಡಿದ ಪುಟ್ಟ ಕಂಬಳಿ ಮತ್ತು ಬಾಣಂತಿ ಪುಡಿಯ ಡಬ್ಬಿಗಳು.

ಅದೇ ವಾರ ಸೊರಬದ ಗುಡಿಗಾರರು ಮಂಜಪ್ಪನವರೂ ಚೀಲ ಇಟ್ಟರು. ಮರದಲ್ಲಿ ದೇವರ ಮೂರ್ತಿ ಕೆತ್ತುವ ಮನೆತನ. ಆಕ್ಲೆಂಡಿನಲ್ಲಿ ಕನ್ನಡದವರೆಲ್ಲ ಸೇರಿ ಕಟ್ಟಿಕೊಂಡ ಸಣ್ಣ ಗುಡಿಗೆ ಇವರು ಹಲಸಿನ ಮರದಲ್ಲಿ ದುರ್ಗಮ್ಮನನ್ನು ಕೆತ್ತಿ ಹಡಗಿನಲ್ಲಿ ಕಳಿಸಿದ್ದರು. ಕಣ್ಣು ಮಾತ್ರ ಬಾಕಿ. ಕಣ್ಣು ಬಿಡಿಸುವುದು ಕೆತ್ತಿದವನೇ, ಮೂರ್ತಿ ಪೀಠದ ಮೇಲೆ ನಿಂತ ಮೇಲೆ, ಗೊತ್ತುಮಾಡಿದ ದಿನ. ಅದಕ್ಕೇ ಅವರ ಪ್ರಯಾಣ. ಅವರ ಚೀಲದಲ್ಲಿ ಇದ್ದದ್ದು ಉಳಿಗಳು, ಅವರಪ್ಪ ಬಳಸಿದವು. ಹಳೆಯ ಕಂಬಳಿಯ ತುಂಡಿನಲ್ಲಿ ಸುತ್ತಿದ್ದರು. ನೋಡಿ, ಉಳಿ ಕೈಚೀಲದಲ್ಲಿ ಬಿಡುವುದಿಲ್ಲ, ಬೆಂಗಳೂರಿನಲ್ಲಿ ಈ ಚೀಲವನ್ನು ದೊಡ್ಡ ಪೆಟ್ಟಿಗೆಯೊಳಗೆ ಹಾಕಿ ಕೊಡಬೇಕು ಎಂದು ಅವರಿಗೆ ಮೂರು ಸಲ ಹೇಳಿದ್ದೆ. ಅವರ ವಿಮಾನ ಬುಧವಾರ ಮಧ್ಯಾಹ್ನ.

ಸೋಮವಾರ ಬೆಳಿಗ್ಗೆ ಕಪಾಟಿನಲ್ಲಿ ಇರುವೆ ಸಾಲುಗಟ್ಟಿತ್ತು. ಯಾರೋ ಪ್ರಸ್ಥಾನದಲ್ಲಿ ಉಂಡೆ ಇಟ್ಟಿದ್ದರು. ನಾನು ಬೈದುಕೊಂಡು ಎಲ್ಲ ಚೀಲ ಕೆಳಗಿಳಿಸಿ, ಸೀಮೆಎಣ್ಣೆ ಬಟ್ಟೆಯಲ್ಲಿ ಹಲಗೆ ಒರೆಸಿ ಮತ್ತೆ ಜೋಡಿಸಿದೆ. ಚೀಟಿಗಳು ನೆಲದ ಮೇಲೆ ಚೆಲ್ಲಾಪಿಲ್ಲಿಯಾಗಿದ್ದವು. ಬಿಚ್ಚಿ ನೋಡುವ ಹಾಗಿಲ್ಲ. ಹಾಲವ್ವನ ಚೀಲ ಯಾವುದೆಂದು ಮೇಲಿನಿಂದ ಮುಟ್ಟಿ ನೋಡಿದೆ, ಒಂದರಲ್ಲಿ ಕಂಬಳಿ ಕೈಗೆ ಸಿಕ್ಕಿತು. ಇದೇ ಎಂದು ಅದರ ಕೆಳಗೆ ಅವಳ ಚೀಟಿ ಇಟ್ಟೆ. ಇನ್ನೊಂದನ್ನು ಮುಟ್ಟಿ ನೋಡಲಿಲ್ಲ. ಆ ದಿನ ಸಂಜೆ ಹಾಲವ್ವ ಮಗನ ಜೊತೆ ಬಂದಳು. ನಾನೇ ನನ್ನ ಕೈಯಾರೆ ಚೀಲ ಎತ್ತಿಕೊಟ್ಟು, ಇದನ್ನು ಕೈಯಿಂದ ಬಿಡಬೇಡ, ಯಾರು ಕೇಳಿದರೂ ತೆರೆಯಬೇಡ ಎಂದು ಹೇಳಿ ಬಸ್ಸಿಗೆ ಕಳಿಸಿದೆ. ಅವಳೂ ಚೀಲ ಒತ್ತಿ ನೋಡಿ, ಕಂಬಳಿ ಕೈಗೆ ಹತ್ತಿದ್ದರಿಂದ ಸಮಾಧಾನವಾಗಿ ಹೋದಳು. ಭಾರ ಹೆಚ್ಚಾಗಿದ್ದು ಅವಳಿಗೆ ಗೊತ್ತಾಗಲಿಲ್ಲ. ಕುರಿಮರಿ ಹೆಗಲ ಮೇಲೆ ಹೊತ್ತು ನಡೆದವಳು.

ಮಂಗಳವಾರ ಒಂಬತ್ತೂಕಾಲಿಗೆ ಮಂಜಪ್ಪನವರು ಬಂದರು. ಸಂಜೆಯ ಬಸ್ಸಿಗೆ ಅವರು ಬೆಂಗಳೂರಿಗೆ ಹೊರಡಬೇಕಿತ್ತು. ನಾನು ಚೀಲ ಕೊಟ್ಟೆ. ಅವರು ಒಂದೇ ಕೈಯಲ್ಲಿ ಹಿಡಿದು, ಮೇಜಿನ ಮೇಲೆ ವಾಪಸು ಇಟ್ಟು, "ಇದು ನಂದಲ್ಲ" ಅಂದರು. ಇನ್ನೂ ಬಿಚ್ಚಿಯೇ ಇರಲಿಲ್ಲ. ಇಷ್ಟು ವರ್ಷ ಹೊತ್ತ ಭಾರ ಕೈಗೆ ತಿಳಿಯುವುದಿಲ್ಲವೇ ಎಂದರು. ನಾನು ಬಾಕಿ ಚೀಲಗಳನ್ನೆಲ್ಲ ಎಳೆದು ಎತ್ತಿ ನೋಡುತ್ತಿದ್ದೆ, ಅಷ್ಟರಲ್ಲಿ ಮೇಜಿನ ಮೇಲಿನ ಫೋನು ಹೊಡೆಯಿತು.

ಬೆಂಗಳೂರು ವಿಮಾನ ನಿಲ್ದಾಣದಿಂದ. ತಪಾಸಣೆಯ ಜಾಗದಲ್ಲಿದ್ದ ಕನ್ನಡದ ಹೆಣ್ಣುಮಗಳೊಬ್ಬಳು ಚೀಲದ ಮೇಲಿನ ನಂಬರು ನೋಡಿ ಮಾಡಿದ್ದಳು. ನಡೆದದ್ದು ಇಷ್ಟು. ಯಂತ್ರದಲ್ಲಿ ಚೀಲ ಹೋದಾಗ ಕಬ್ಬಿಣ ಕಂಡಿದೆ. ತೆರೆಯಿರಿ ಎಂದಿದ್ದಾರೆ. ಹಾಲವ್ವ ತೆರೆಯುವುದಿಲ್ಲ ಎಂದು ಚೀಲ ಅವಚಿಕೊಂಡು ಕೂತಿದ್ದಾಳೆ, ಟಿಕೆಟ್ ಸರೋಜಮ್ಮ ಹೇಳಿದ್ದಾಳೆ ಎಂದು ನನ್ನ ಹಾಳೆಯ ಕೊನೆಯ ಸಾಲು ತೋರಿಸಿದ್ದಾಳೆ. ಮುಕ್ಕಾಲು ಗಂಟೆ ಹಾಗೇ ಹೋಗಿದೆ. ಕೊನೆಗೆ ಈ ಹೆಣ್ಣುಮಗಳು ಬಂದು ಕನ್ನಡದಲ್ಲಿ ಒಪ್ಪಿಸಿ ತೆರೆಸಿದಾಗ ಕಂಬಳಿಯ ತುಂಡಿನೊಳಗೆ ಹದಿಮೂರು ಉಳಿ. ನಂದಲ್ಲ ಎಂದಳಂತೆ ಹಾಲವ್ವ. ನಿಮ್ಮದಲ್ಲದ ಚೀಲ ನಿಮ್ಮ ಕೈಗೆ ಹೇಗೆ ಬಂತು ಎಂದು ಅವರು ಕೇಳಿದ್ದಾರೆ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ತಪ್ಪು ನನ್ನದು, ಅವು ಮರ ಕೆತ್ತುವ ಉಳಿ, ಅವುಗಳ ಒಡೆಯರು ಮಂಜಪ್ಪನವರು ಇಲ್ಲೇ ನಿಂತಿದ್ದಾರೆ ಎಂದೆ.

ಆ ಹೆಣ್ಣುಮಗಳು ನಂಬಿದಳು. ಆದರೆ ದೊಡ್ಡ ಸಾಮಾನು ತೆಗೆದುಕೊಳ್ಳುವ ಕೌಂಟರು ಮುಚ್ಚಿದೆ, ಹೊರಗೆ ಹೋಗಿ ಮಗನಿಗೆ ಕೊಟ್ಟು ಬರಲು ಹೊತ್ತಿಲ್ಲ, ಉಳಿಗಳನ್ನು ಇಲ್ಲಿನ ಕಸದ ಡಬ್ಬಿಗೆ ಹಾಕಿ ಈಗಲೇ ಓಡಿದರೆ ವಿಮಾನ ಸಿಗುತ್ತದೆ, ಇಲ್ಲವಾದರೆ ಅವರನ್ನು ಬಿಟ್ಟು ಹೋಗುತ್ತದೆ, ನೀವೇ ಹೇಳಿ ಎಂದು ಫೋನನ್ನು ಹಾಲವ್ವನ ಕೈಗೆ ಕೊಟ್ಟಳು.

ಮಂಜಪ್ಪನವರಿಗೆ ಎಲ್ಲ ಕೇಳಿಸಿತ್ತು. ನಾನು ಅವರ ಮುಖ ನೋಡಿದೆ. "ಹಾಕಿ ಹೋಗಕ್ಕೆ ಹೇಳಿ ಮಾರಾಯ್ರೆ. ಉಳಿ ಎಂತ, ಮತ್ತೆ ಮಾಡಿಸ್ಬೋದು. ಹೆರಿಗೆ ಕಾಯತ್ತಾ?" ಅಂದರು. ಹೇಳುವಾಗ ಅವರ ಬಲಗೈ ಏನನ್ನೋ ಹಿಡಿದುಕೊಂಡ ಹಾಗೆ ಮುಚ್ಚಿಕೊಂಡಿತ್ತು.

"ಹಾಲವ್ವಾ, ಡಬ್ಬಿಗೆ ಹಾಕಿ ಓಡು" ಎಂದೆ.

"ಯಾರ್ದವ್ವ ಇವು?"

"ಸೊರಬದ ಗುಡಿಗಾರರದ್ದು. ಅವರಪ್ಪಂದು. ಅವರೇ ಇಲ್ಲಿದ್ದಾರೆ, ಹಾಕಿ ಹೋಗು ಅಂತ ಅವರೇ ಹೇಳ್ತಿದ್ದಾರೆ."

"ಅವ್ರು ಒಳ್ಳೇರು, ಅಂತಾರೆ. ಹಾಕೋ ಕೈ ನಂದಲ್ಲೇನು? ನಂದಲ್ಲದ್ದನ್ನ ಕಸದ ಡಬ್ಬಿಗೆ ಹಾಕಾಕೆ ನಾನ್ಯಾರು?" ಅಂದಳು.

"ಅಲ್ಲಿ ಮಗಳ ಹೆರಿಗೆ ಹಾಲವ್ವಾ" ಎಂದು ನಾನು ಕೂಗಿದೆ.

"ಗೊತ್ತೈತಿ" ಎಂದಳು. ಫೋನು ವಾಪಸು ಕೊಟ್ಟಳು.

ನಾನು ಮೇಜಿಗೆ ತಲೆಯಿಟ್ಟು ಅತ್ತೆ. ನಾಚಿಕೆ ಏನೂ ಇಲ್ಲ ಹೇಳಿಕೊಳ್ಳಲು. ಯಜಮಾನರು ಮೇಲೆ ಬಂದು ಎಲ್ಲ ಕೇಳಿದರು. ಕಪಾಟನ್ನೊಮ್ಮೆ ನೋಡಿ, "ಎಲ್ಲಾ ಒಂದೇ ನಮೂನಿ ಚೀಲ ಕೊಟ್ಟೋನು ನಾನು, ಅದಲುಬದಲು ಇಟ್ಟೋಳು ನೀನು. ಇಬ್ರದೂ ಐತಿ" ಅಂದರು. ಅವರು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಹೊಸ ಟಿಕೆಟ್ಟು ಅಂಗಡಿಯ ಲೆಕ್ಕ ಎಂದು ಅವರು ಹೇಳಿ ಇಳಿದು ಹೋದರು. ನಾನು ಸೀಟಿಗೆ ಹುಡುಕತೊಡಗಿದೆ. ರಜೆಯ ಕಾಲ. ದೋಹಾ ಮೇಲೆ ಇಲ್ಲ, ಅಬುಧಾಬಿ ಮೇಲೆ ಇಲ್ಲ, ಲಂಡನ್ ಮೇಲೆ ಹೋಗಲು ಅವಳಿಗೆ ಆ ವೀಸಾ ಇಲ್ಲ. ಊಟ ಬಿಟ್ಟು ಸಂಜೆಯವರೆಗೆ ಹುಡುಕಿದರೂ ಸಿಕ್ಕಿದ್ದು ಶನಿವಾರದ ಸೀಟು.

ಮಂಜಪ್ಪನವರು ಹಾಲವ್ವನ ಚೀಲವನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಹೋದರು. ಹಾಲವ್ವ ಮತ್ತು ಮಗ ಬೆಂಗಳೂರಿನಲ್ಲಿ ಗುರುತಿನವರ ಮನೆಯಲ್ಲಿ ಉಳಿದಿದ್ದರು. ಬುಧವಾರ ಬೆಳಿಗ್ಗೆ ನಿಲ್ದಾಣದ ಹೊರಗೆ ಇಬ್ಬರೂ ಚೀಲ ಬದಲಿಸಿಕೊಂಡರು. ನಾನು ಅಲ್ಲಿರಲಿಲ್ಲ, ಮಂಜಪ್ಪನವರು ಆಮೇಲೆ ಹೇಳಿದ್ದು. ಹಾಲವ್ವ ಕಂಬಳಿ ತುಂಡು ಬಿಚ್ಚಿ ಹದಿಮೂರನ್ನೂ ತೋರಿಸಿ ನೋಡಿಕೊಳ್ಳಿ ಎಂದಳಂತೆ. ಕಣ್ಣು ಬಿಡಿಸುವುದು ಯಾವುದರಲ್ಲಿ ಎಂದು ಕೇಳಿದಳಂತೆ. ಅವರು ಎಲ್ಲಕ್ಕಿಂತ ಸಣ್ಣದನ್ನು ತೋರಿಸಿದರು. ಅದನ್ನು ಕಣ್ಣಿಗೆ ಒತ್ತಿಕೊಂಡು ಕೊಟ್ಟಳು. ಅವರು ಕೈಮುಗಿದು ಒಳಗೆ ಹೋದರಂತೆ. ಆಕ್ಲೆಂಡಿನಲ್ಲಿ ಗೊತ್ತುಮಾಡಿದ ದಿನವೇ ದುರ್ಗಮ್ಮನ ಕಣ್ಣು ಬಿಡಿಸಿದರು. ನನ್ನ ಮೊಬೈಲಿಗೆ ಫೋಟೋ ಬಂತು. ಆ ಕಣ್ಣುಗಳನ್ನು ನಾನು ಹೆಚ್ಚು ಹೊತ್ತು ನೋಡಲಾರದೆ ಹೋದೆ. ಯಾಕೆಂದರೆ ಅಷ್ಟರಲ್ಲಿ ಇನ್ನೊಂದು ಸುದ್ದಿ ಬಂದಾಗಿತ್ತು.

ಗುರುವಾರ ಮಧ್ಯಾಹ್ನ ಹಾಲವ್ವನ ಮಗ ಫೋನ್ ಮಾಡಿದ್ದ. ಡಾಕ್ಟರು ಹೇಳಿದ್ದಕ್ಕಿಂತ ಮೊದಲೇ ರೇಣುಕಾಗೆ ಹೆರಿಗೆಯಾಗಿತ್ತು. ಹೆಣ್ಣು ಕೂಸು, ಇಬ್ಬರೂ ಚೆನ್ನಾಗಿದ್ದರು. ಮಂಗಳವಾರದ ವಿಮಾನ ಸಿಕ್ಕಿದ್ದರೆ ಹಾಲವ್ವ ಹಿಂದಿನ ದಿನವೇ ಅಲ್ಲಿರುತ್ತಿದ್ದಳು. ಶನಿವಾರ ತಲುಪಿದಳು.

ಮೂರು ತಿಂಗಳಾದ ಮೇಲೆ ಒಂದು ದಿನ ಅವಳು ನಮ್ಮ ಮಹಡಿ ಹತ್ತಿ ಬಂದಳು. ನಾನು ಎದ್ದು ನಿಂತೆ. ಕ್ಷಮೆ ಕೇಳಲು ಎಷ್ಟೋ ದಿನದಿಂದ ಮಾತು ಜೋಡಿಸಿಟ್ಟುಕೊಂಡಿದ್ದೆ. ಅದನ್ನು ಹೇಳುವ ಮೊದಲೇ ಕೂತ್ಕೊ ಎಂದು ಅವಳೇ ನನಗೆ ಹೇಳಿದಳು.

"ನಿನ್ ಮ್ಯಾಲೆ ಸಿಟ್ಟೈತವ್ವ, ಇಲ್ಲ ಅನ್ನಂಗಿಲ್ಲ. ನಮ್ಮವ್ವ ಮೂರನೇ ದಿನಕ್ಕೆ ಬಂದ್ಲು, ನಾನೂ ಮೂರನೇ ದಿನಕ್ಕೇ ಹೋದೆ" ಎಂದಳು.

ಅವಳು ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಉಣ್ಣೆಯ ಕುಚ್ಚುಗಳನ್ನು ಸುರಿದಳು. ಕೆಂಪು, ಹಸಿರು, ಹಳದಿ, ನೀಲಿ, ಎರಡೆರಡು ಬಣ್ಣ ಸೇರಿಸಿ ಹೊಸೆದವು, ಒಂದೊಂದೂ ಜೋಡಿ ಜೋಡಿ. ಎರಡು ಮನೆಯ ಹಿಂಡು ಒಂದೇ ಹೊಲದಲ್ಲಿ ಬಿಟ್ಟರೆ ನಾವು ಗುರುತು ಹಾಕದೆ ಬಿಡುತ್ತೇವೇನು, ಕುರಿಗಳೂ ಎಲ್ಲ ಒಂದೇ ಥರ ಕಾಣುತ್ತವೆ ಎಂದಳು. ಒಂದು ಕುಚ್ಚು ಚೀಲಕ್ಕೆ ಕಟ್ಟಬೇಕು, ಅದರ ಜೋಡಿ ಹೋಗುವವರ ಕೈಗೆ ಕೊಡಬೇಕು, ಎರಡೂ ಕೂಡಿದರೆ ಮಾತ್ರ ಚೀಲ ಎತ್ತಬೇಕು. ಡಬ್ಲಿನ್‌ನಲ್ಲಿ ಮೊಮ್ಮಗಳನ್ನು ಕಾಲ ಮೇಲೆ ಹಾಕಿಕೊಂಡು ಕೂತಾಗ ಇದನ್ನು ಯೋಚಿಸಿದ್ದಳಂತೆ. ಸಿಟ್ಟಿದ್ದವಳು ಇಷ್ಟೆಲ್ಲ ಯಾಕೆ ಮಾಡಿದಳೆಂದು ನಾನು ಕೇಳಲಿಲ್ಲ. ಇನ್ನೊಬ್ಬರಿಗೆ ಹೀಗಾಗಬಾರದು ಎಂದು ಅವಳೇ ಹೇಳಿ ಮೆಟ್ಟಿಲಿಳಿದಳು.

ಅಂದಿನಿಂದ ಧರ್ಮಛತ್ರ ಎನ್ನುವುದನ್ನು ಬಿಟ್ಟೆ. ಹೊಸಬರಿಗೆ ನಾನು ಹೇಳುವುದು ಇಷ್ಟೇ. ನೀವು ನಂಬದಿದ್ದರೂ ಗಿರಾಕಿ ನಂಬಿ ಕೊಟ್ಟ ವಸ್ತುವನ್ನು ಉದಾಸೀನ ಮಾಡಬೇಡಿ. ಪ್ರಸ್ಥಾನದಲ್ಲಿ ನನಗೆ ಇವತ್ತಿಗೂ ನಂಬಿಕೆಯಿಲ್ಲ, ಆದರೆ ಕುಚ್ಚಿಗೆ ಕುಚ್ಚು ಕೂಡಿಸದೆ ಆಮೇಲೆ ಒಂದು ಚೀಲವನ್ನೂ ಕೊಟ್ಟವಳಲ್ಲ. ಹಾಳೆಯ ಕೊನೆಯ ಸಾಲನ್ನೂ ಬದಲಿಸಿದೆ. "ಅಧಿಕಾರಿಗಳು ಕೇಳಿದರೆ ಕೂಡಲೇ ಚೀಲ ತೆರೆದು ತೋರಿಸಿ, ದೋಷವಿಲ್ಲ" ಎಂದು ಬರೆದೆ. ದೋಷವಿಲ್ಲ ಎಂದು ಬರೆಯಲು ನಿನಗೇನು ಅಧಿಕಾರ ಎಂದು ಯಜಮಾನರು ಕೇಳಿದರು. ಇದೆ ಎಂದೆ.

ನಾನು ಕೆಲಸ ಬಿಡುವ ವರ್ಷ ಹಾಲವ್ವ ಮತ್ತೆ ಬಂದಳು. ರೇಣುಕಾಗೆ ಎರಡನೆಯ ಹೆರಿಗೆ. ಈ ಸಲ ಡಾಕ್ಟರು ಕೊಟ್ಟ ದಿನಕ್ಕಿಂತ ಒಂದು ತಿಂಗಳು ಮೊದಲೇ ತಲುಪುವ ಹಾಗೆ ಸೀಟು ಹಾಕಿದೆ. ಅಷ್ಟು ದಿನ ಕುರಿ ಯಾರು ನೋಡುತ್ತಾರೆ ಎಂದು ಗೊಣಗಿದಳು. ಕುರಿ ಗಂಡ ನೋಡಲಿ ಎಂದೆ. ಕೆಂಪು ಹಸಿರಿನ ಕುಚ್ಚು ಚೀಲಕ್ಕೆ ಕಟ್ಟಿ, ಜೋಡಿಯನ್ನು ಅವಳ ಕೈಗೆ ಕೊಟ್ಟೆ. ಹೊರಡುವ ದಿನ ಎರಡನ್ನೂ ಕೂಡಿಸಿ, ಅವಳೆದುರೇ ಚೀಲ ಬಿಚ್ಚಿಸಿ ಕಂಬಳಿ ನೋಡಿ ಕಳಿಸಿದೆ. ಪ್ರಸ್ಥಾನ ಬಿಚ್ಚಬಾರದು ಎಂದು ಅವಳೂ ಅನ್ನಲಿಲ್ಲ.

ನನ್ನ ಕೊನೆಯ ವಾರ. ಮಧ್ಯಾಹ್ನ ಮೂರು ಗಂಟೆ. ಆನವಟ್ಟಿಯ ಗಿರಾಕಿಯೊಬ್ಬರು ಎದುರಿಗೆ ಕೂತು ಟೊರೊಂಟೊದ ಚಳಿಯ ಬಗ್ಗೆ ಕೇಳುತ್ತಿದ್ದರು. ಫೋನು ಹೊಡೆಯಿತು. ಎತ್ತಿದೆ. ಆ ಕಡೆಯಿಂದ ಮಾತಿಲ್ಲ, ಬರೀ ಗದ್ದಲ, ಏನೋ ಪಾತ್ರೆಯ ಸದ್ದು, ಆಮೇಲೆ ಕೂಸಿನ ಅಳು. ಗಟ್ಟಿ ಅಳು. ಅಳಿಯ ಮೊದಲ ಕೂಸನ್ನು ನೋಡಿಕೊಂಡು ಮನೆಯಲ್ಲಿ ಉಳಿದಿದ್ದನಂತೆ, ಹೆರಿಗೆ ಕೋಣೆಯೊಳಗೆ ಮಗಳ ಜೊತೆ ಇದ್ದವಳು ಹಾಲವ್ವನೇ.

"ಕೇಳ್ತೇನವ್ವಾ?" ಎಂದಳು.

"ಕೇಳ್ತು" ಎಂದೆ.

"ಈಗ್ಲೇ ಹುಟ್ಟೈತಿ. ನಾ ಇಲ್ಲೇ ಅದೀನಿ."

ಇನ್ನೇನೂ ಹೇಳಲಿಲ್ಲ, ಫೋನನ್ನು ಇಡಲೂ ಇಲ್ಲ. ನಾನು ಸುಮ್ಮನೆ ಕೂತಿದ್ದನ್ನು ನೋಡಿ ಎದುರಿನ ಗಿರಾಕಿ, ಲೈನು ಹೋಯಿತೇ ಎಂದು ಕೇಳಿದರು. ಇಲ್ಲ, ಒಂದು ನಿಮಿಷ ಎಂದು ಕೈ ಮಾಡಿ ಅವರನ್ನು ಕೂರಿಸಿ, ಕೂಸು ಸುಮ್ಮನಾಗುವವರೆಗೂ ಕೇಳಿಸಿಕೊಂಡೆ.